ಕಲ್ಲು ದಾಟಿದ ಹಾಸು

ಒಂದಾನೊಂದು ಊರು. ಕರಿಕುರಿಹಟ್ಟಿ ಅಂತ ಅದರ ಹೆಸರಂತೆ. ಏಳು ಗುಡ್ಡದ ಆಚೆ, ಏಳು ಕೆರೆಯ ಈಚೆ ಹುಡುಕಿದರೂ ಅಂಥ ಊರು ಇನ್ನೊಂದು ಸಿಗ್ತಿರಲಿಲ್ಲವಂತೆ. ನಾನು ಆ ಸೀಮೆಯವನು ಅಂತ ಹೊಗಳ್ತಾ ಇದ್ದೀನಿ ಅಂದ್ಕೋಬೇಡಿ. ಹೊಗಳಿದ್ರೂ ಅದರಲ್ಲೇನು ತಪ್ಪಿದೆ?

ಆ ಊರಿಗೆ ಇದ್ದದ್ದು ಒಂದೇ ಕೇರಿ, ಮಗ್ಗದ ಕೇರಿ. ಮೇಲ್ಗಡೆ ಬೇವಿನ ಮರದಿಂದ ಕೆಳಗಡೆ ಹಳ್ಳದವರೆಗೆ ನೂಲು ಎಳೆದ ಹಾಗೆ ನೇರ. ಎರಡು ಬದಿಗೂ ಮನೆ, ಮನೆಗೊಂದು ಮಗ್ಗ, ಮಗ್ಗಕ್ಕೊಂದು ಜಗಳ. ಅಲ್ಲಿ ನೇಯ್ದ ಕಂಬಳಿ ಹೊದ್ದವನಿಗೆ ಮಳೆ ಬಂದದ್ದು ಪಕ್ಕದವನು ನೆನೆದ ಮೇಲೆ ಗೊತ್ತಾಗ್ತಿತ್ತಂತೆ! ಆ ನಾಡಿನ ರಾಜ ಕೂಡ ಈ ಕೇರಿಯ ಕಂಬಳಿ ಇಲ್ಲದೆ ರಾಜ ಆಗೋ ಹಾಗಿರಲಿಲ್ಲ. ಪಟ್ಟದ ದಿನ ಅರಮನೆ ಬಾಗಿಲಿಂದ ಸಿಂಹಾಸನದವರೆಗೆ ಕರಿ ಕಂಬಳಿ ಹಾಸಬೇಕು, ಅದರ ಮೇಲೆ ಬರಿಗಾಲಲ್ಲಿ ನಡೆದು ಹೋಗಿ ಕೂತವನೇ ರಾಜ. ಅದಕ್ಕೆ ನಡೆಗಂಬಳಿ ಅಂತ ಹೆಸರು. ಚಿನ್ನದ ಕಿರೀಟ ಎಲ್ಲಿ ಬೇಕಾದ್ರೂ ಮಾಡಿಸಬಹುದು. ನಡೆಗಂಬಳಿ ಮಾತ್ರ ನಮ್ಮ ಮಗ್ಗದ ಕೇರಿಯದೇ ಆಗಬೇಕು.

ಹೀಗಿರುವಾಗ ಆ ನಾಡಿನ ರಾಜ ತೀರಿಕೊಂಡನಂತೆ. ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಅಣ್ಣರಾಯ, ಚಿಕ್ಕವನು ತಮ್ಮರಾಯ. ಅಪ್ಪನ ಚಿತೆ ಆರೋ ಮೊದಲೇ ಇಬ್ಬರೂ ಕತ್ತಿ ಹಿರಿದರು. ಒಂದು ವರ್ಷ ಕಾದಾಡಿದರು, ಎರಡು ವರ್ಷ ಕಾದಾಡಿದರು, ಮೂರು ವರ್ಷ ಕಾದಾಡಿದರು. ಬೆಳೆದ ಜೋಳ ಕುದುರೆ ತಿಂದವು, ಬೆಳೆಯದ ಹೊಲ ಕುದುರೆ ತುಳಿದವು. ಗೆದ್ದವರು ಯಾರೂ ಇಲ್ಲ. ಕೊನೆಗೆ ನಾಡಿನ ಹಿರಿಯರು ಕೂತು, "ಅರ್ಧ ನಿನಗೆ, ಅರ್ಧ ನಿನಗೆ. ಬರೋ ಯುಗಾದಿಗೆ ಇಬ್ಬರೂ ಪಟ್ಟಕ್ಕೆ ಕೂತ್ಕೊಳ್ಳಿ" ಅಂತ ತೀರ್ಮಾನ ಮಾಡಿದರು. ಕಂಬಳಿ ಇಬ್ಬರಿಗೂ ಬೇಕಲ್ಲ, ಅದಕ್ಕೆ ಕರಿಕುರಿಹಟ್ಟಿಯನ್ನೂ ನಡುವಿಗೆ ಸರಿಯಾಗಿ ಎರಡು ಭಾಗ ಮಾಡಬೇಕು ಅಂತ ಆಯಿತು.

ಕಲ್ಲು ನೆಡೋದಕ್ಕೆ ಒಬ್ಬ ಕರಣಿಕ ಬಂದನಂತೆ. ಹೊಟ್ಟೆ ದೊಡ್ಡದು, ಬಿಸಿಲು ಜೋರು. ಅವನು ಅಳೆಯೋದಕ್ಕೆ ಬೇಸರಪಟ್ಟುಕೊಂಡು, ಕೇರಿಯ ಕೊನೆಯಲ್ಲಿ ಹಳ್ಳದ ಹತ್ತಿರ ನೆರಳಲ್ಲಿ ಕೂತು, "ಇದೇ ಮಧ್ಯ, ಇಲ್ಲೇ ನೆಡಿ" ಅಂದನಂತೆ.

ಅಲ್ಲಿ ನೆಟ್ಟಿದ್ರೆ ಕಥೆಯೇ ಇರ್ತಿರಲಿಲ್ಲ. ಕೇರಿಯೆಲ್ಲ ಒಂದೇ ಕಡೆಗೆ ಉಳೀತಿತ್ತು. ಆದರೆ ಅಲ್ಲೇ ಹಾಲಪ್ಪ ನಿಂತಿದ್ದ.

ಹಾಲಪ್ಪ ಯಾರು ಅಂತೀರಾ? ಕೇರಿಯ ಹಿರಿ ನೇಕಾರ. ಅವನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಎಷ್ಟಿದೆಯೋ ಅಷ್ಟೇ ಆ ಊರಿಗೆ ಒಂದು ಮೊಳ. ತಪ್ಪು ಅಳತೆ ಕಂಡರೆ ಅವನಿಗೆ ಅನ್ನ ಇಳೀತಿರಲಿಲ್ಲ. ಕರಣಿಕನ ಮಾತು ಕೇಳಿ ಅವನ ಮೈ ಉರಿಯಿತು.

"ಎಂಥ ಅಳತೆ ಸ್ವಾಮಿ ಇದು! ಕಣ್ಣಿಲ್ಲದವನೂ ಹೇಳ್ತಾನೆ ಇದು ಮಧ್ಯ ಅಲ್ಲ ಅಂತ."

"ಹಾಗಾದ್ರೆ ನೀನೇ ಅಳೆಯಪ್ಪಾ" ಅಂದ ಕರಣಿಕ.

ಹಾಲಪ್ಪ ಅಳೆದ. ಬೇವಿನ ಮರದಿಂದ ಹಳ್ಳದವರೆಗೆ ಹಗ್ಗ ಎಳೆದು ಅಳೆದ. ಇನ್ನೂರಾ ನಲವತ್ತು ಮೊಳ. ನೂರಾ ಇಪ್ಪತ್ತಕ್ಕೆ ಗೂಟ ಹೊಡೆದ, ಒಂದು ಬೆರಳು ಈಚೆಗಿಲ್ಲ, ಒಂದು ಬೆರಳು ಆಚೆಗಿಲ್ಲ. ಕೇರಿಯವರೆಲ್ಲ, "ಅಳತೆ ಅಂದ್ರೆ ನಮ್ಮ ಹಾಲಪ್ಪಂದು!" ಅಂತ ಚಪ್ಪಾಳೆ ತಟ್ಟಿದರಂತೆ. ಎದೆ ಉಬ್ಬಿಸಿ ನಿಂತ ಹಾಲಪ್ಪನ ಎದುರಲ್ಲೇ ಕಲ್ಲು ನೆಟ್ಟರು. ಆಮೇಲೆ ಕರಣಿಕ ಓಲೆ ಬಿಚ್ಚಿ ಓದಿದ.

"ಇವತ್ತಿನಿಂದ ಕಲ್ಲಿನ ಮೇಲ್ಗಡೆ ಅಣ್ಣರಾಯನ ರಾಜ್ಯ, ಕೆಳಗಡೆ ತಮ್ಮರಾಯನ ರಾಜ್ಯ. ದಾಟಿದವರ ಕಾಲಿಗೆ ಕೋಳ."

ಚಪ್ಪಾಳೆ ನಿಂತುಹೋಯಿತು.

ಒಬ್ಬಳು ಮಾತ್ರ ಮೊದಲಿನಿಂದಲೂ ಚಪ್ಪಾಳೆ ತಟ್ಟಿರಲಿಲ್ಲ. ಅವಳೇ ಹಾಲಪ್ಪನ ಹೆಂಡತಿ ಕೆಂಚವ್ವ. ಊರಿಗೆಲ್ಲ ಅವಳೊಬ್ಬಳೇ ಸೂಲಗಿತ್ತಿ. ಇವರ ಮನೆ ಕಲ್ಲಿನಿಂದ ಅರವತ್ತು ಮೊಳ ಮೇಲೆ. ಒಬ್ಬಳೇ ಮಗಳು ಮಾಳವ್ವನನ್ನು ಕೇರಿಯೊಳಗೇ ಕೊಟ್ಟಿದ್ದರು, ದಿನಾ ಕಣ್ಣಿಗೆ ಬೀಳಲಿ ಅಂತ. ಅವಳ ಗಂಡ ರೇವಣ್ಣನ ಮನೆ ಕಲ್ಲಿನಿಂದ ಅರವತ್ತು ಮೊಳ ಕೆಳಗೆ. ಮಾಳವ್ವ ಆಗ ಮೂರು ತಿಂಗಳ ಬಸುರಿ. ಚೊಚ್ಚಲು.

"ಅಲ್ಲಾ ಕಣಯ್ಯಾ" ಅಂದಳು ಕೆಂಚವ್ವ ಗಂಡನಿಗೆ, "ನಿನ್ನ ಮೊಳ ಸುಳ್ಳು ಹೇಳಲ್ಲ. ಆದ್ರೆ ನನ್ನ ಮಗಳು ಹೆರಿಗೆಗೆ ಯಾವ ದಾರೀಲಿ ಮನೆಗೆ ಬರ್ತಾಳೆ?"

ಅವತ್ತಿನಿಂದ ಅವಳು ಗಂಡನ ಹತ್ತಿರ ಮಾತು ಬಿಟ್ಟಳಂತೆ. ಮುದ್ದೆ ಇಡ್ತಾಳೆ, ಸಾರು ಬಡಿಸ್ತಾಳೆ, ಮಾತು ಮಾತ್ರ ಇಲ್ಲ.

ಮೊದಮೊದಲು ಜನ ಕಲ್ಲಿನ ಈಚೆ ಆಚೆ ನಿಂತು ಕೂಗಿ ಮಾತಾಡ್ತಿದ್ದರು. "ಉಪ್ಪಿದೆಯೇನೇ?" "ಇದೆ ಕಣೇ, ಎಸೀಲಾ?" ಆಮೇಲೆ ಅದಕ್ಕೂ ಕತ್ತರಿ ಬಿತ್ತು. ಕೂಗಿದರೆ ಗುಟ್ಟು ಸೋರುತ್ತದೆ ಅಂತ ರಾಜರ ಅಪ್ಪಣೆ. ಕಲ್ಲಿಗೆ ಇಬ್ಬರು ಕಾವಲುಗಾರರು ಬಂದರು, ಕಡೆಗೊಬ್ಬ. ಕೆಳಗಡೆ ಕಾವಲಿಗೆ ತಮ್ಮರಾಯ ಕಳಿಸಿದವನು ಓಬಯ್ಯ. ದೂರದೂರಿನವನು, ಹರೆಯದವನು, ಮೀಸೆ ತಿರುವಿ ಈಟಿ ಹಿಡಿದರೆ ನೊಣ ಕೂಡ ಕೇಳಿ ಹಾರಬೇಕು!

ಒಂದು ದಿನ ಕೆಳಗಿನ ಕೇರಿಯ ಒಬ್ಬ ಹೆಂಗಸಿಗೆ ನೋವು ಶುರುವಾಯಿತು. ಕೆಂಚವ್ವ ಓಡಿ ಬಂದಳು. ಕಲ್ಲಿನ ಹತ್ತಿರ ಓಬಯ್ಯ ಈಟಿ ಅಡ್ಡ ಹಿಡಿದ.

"ಬಿಡೋ ಮಗಾ, ಒಂದು ಗಳಿಗೆ."

"ಆಗಲ್ಲ ಅಜ್ಜಿ, ಅಪ್ಪಣೆ."

ಕೆಂಚವ್ವ ಕಲ್ಲಿನ ಪಕ್ಕ ನೆಲಕ್ಕೆ ಕೂತು ಅಲ್ಲಿಂದಲೇ ಕೂಗಿ ಹೇಳೋದಕ್ಕೆ ಹೊರಟಳು, "ಸೊಂಟ ಒತ್ತಿರೇ! ಬಿಸಿನೀರು ಇಡ್ರೇ! ಅವಳನ್ನ ಕೂರಿಸಬೇಡಿ, ಮಲಗಿಸ್ರೇ!" ಓಬಯ್ಯ, "ಕೂಗೋ ಹಾಗಿಲ್ಲ ಅಜ್ಜಿ" ಅಂದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತೇ ಇದ್ದಳು. ಹೊತ್ತು ನೆತ್ತಿಗೆ ಬರೋ ಹೊತ್ತಿಗೆ ಕೆಳಗಿನ ಕೇರಿಯಿಂದ ಅಳು ಕೇಳಿಸಿತು. ಕೂಸಿನ ಅಳು ಅಲ್ಲ. ತಾಯಿ, ಮಗು ಇಬ್ಬರೂ ಹೋಗಿದ್ದರು.

ಅವತ್ತು ಓಬಯ್ಯ ಬುತ್ತಿ ಬಿಚ್ಚಲಿಲ್ಲವಂತೆ.

ಅಂದಿನಿಂದ ಕೆಂಚವ್ವನಿಗೆ ಒಂದೇ ಚಿಂತೆ. ದಿನಾ ಬೆಳಿಗ್ಗೆ ಮಾಳವ್ವ ತನ್ನ ಜಗಲಿ ಮೇಲೆ ಬಂದು ನಿಂತು ಒಂದು ಸಲ ಪಕ್ಕಕ್ಕೆ ತಿರುಗ್ತಿದ್ದಳು, ಅವ್ವನಿಗೆ ಹೊಟ್ಟೆ ಕಾಣಲಿ ಅಂತ. ಕೆಂಚವ್ವ ತನ್ನ ಜಗಲಿಯಿಂದ ಕಣ್ಣು ಕಿರಿದು ಮಾಡಿ ನೋಡ್ತಿದ್ದಳು. ನಾಲ್ಕು ತಿಂಗಳು. ಐದು ತಿಂಗಳು. ಮಧ್ಯೆ ನೂರಾ ಇಪ್ಪತ್ತು ಮೊಳ ಬೀದಿ, ಒಂದು ಕಲ್ಲು, ಎರಡು ಈಟಿ.

ಐದು ತಿಂಗಳಾದಾಗ ನಡೆಗಂಬಳಿಗೆ ಅಪ್ಪಣೆ ಬಂತು. ಅಣ್ಣರಾಯನ ಕರಣಿಕ ಮೇಲಿನ ಕೇರಿಗೆ ಬಂದು, "ನಮ್ಮ ದೊರೆಗೆ ನೂರು ಮೊಳದ್ದು" ಅಂದ. ತಮ್ಮರಾಯನ ಕರಣಿಕ ಕೆಳಗಿನ ಕೇರಿಗೆ ಬಂದು, "ನಮ್ಮ ದೊರೆಗೆ ನೂರಾ ಹತ್ತು" ಅಂದ.

ಈಗ ನಿಮಗೆ ಹಾಸು ಅಂದ್ರೇನು ಅಂತ ಹೇಳಬೇಕು. ಕಂಬಳಿಯ ಉದ್ದನೂಲನ್ನ ಮಗ್ಗಕ್ಕೆ ಏರಿಸೋ ಮೊದಲು ಬೀದಿಯಲ್ಲಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಬೇಕು. ಅದೇ ಹಾಸು. ಅದಕ್ಕೆ ಹುಣಸೆ ಬೀಜದ ಗಂಜಿ ಬಳಿದು, ಬೇರಿನ ಕುಂಚ ಹಿಡಿದು, ತುದಿಯಿಂದ ತುದಿಗೆ ನಡೀತಾ ಒಣಗೋವರೆಗೂ ತಿಕ್ಕಬೇಕು. ನಿಂತರೆ ಕೆಟ್ಟಿತು, ನೂಲಿಗೆ ನೂಲು ಅಂಟಿ ಹಾಸು ಹೋಗಿ ಹಗ್ಗ ಆಗ್ತದೆ. ಇಡೀ ಕೇರಿ ಸೇರಿ ಮಾಡೋ ಕೆಲಸ, ಗಂಡಸು ಹೆಂಗಸು ಅನ್ನೋ ಹಾಗಿಲ್ಲ. ನಮ್ಮ ಸೀಮೆಯವರ ನಡಿಗೆ ನೋಡಿದ್ರೆ ಈಗಲೂ ಗೊತ್ತಾಗ್ತದೆ, ಹಾಸು ತಿಕ್ಕಿದ ಕಾಲು ಅಂತ!

ಮೇಲಿನವರು ನೂರು ಮೊಳದ ಹಾಸು ಎಳೆದು ತಿಕ್ಕಿದರು. ಇನ್ನೇನು ಮಗ್ಗಕ್ಕೆ ಏರಿಸಬೇಕು, ನೋಡಲಿಕ್ಕೆ ಬಂದ ಅಣ್ಣರಾಯನ ಕರಣಿಕ ಜಗಲಿ ಮೇಲೆ ಕೂತು ಮಜ್ಜಿಗೆ ಕುಡೀತಾ ಕೇಳಿದ.

"ಏನಮ್ಮಾ ಕೆಂಚವ್ವ, ಕೆಳಗಿನವನದು ಎಷ್ಟು ಮೊಳವಂತೆ?"

"ಅಯ್ಯೋ, ದೊಡ್ಡವರ ಸುದ್ದಿ ನಮಗ್ಯಾಕೆ ಸ್ವಾಮಿ" ಅಂದಳು ಕೆಂಚವ್ವ. "ಕಣ್ಣಿಗೆ ಕಂಡದ್ದು ಹೇಳ್ತೀನಿ. ನೂರಾ ಹತ್ತು."

ಕರಣಿಕನ ಗಂಟಲಲ್ಲಿ ಮಜ್ಜಿಗೆ ಸಿಕ್ಕಿಕೊಂಡಿತು. ಮೂರನೇ ದಿನಕ್ಕೆ ಅಣ್ಣರಾಯನ ಅಪ್ಪಣೆ: "ನನಗೆ ನೂರಾ ಇಪ್ಪತ್ತು!" ಅದನ್ನು ಕೇಳಿದ ತಮ್ಮರಾಯನ ಅಪ್ಪಣೆ: "ನನಗೂ ನೂರಾ ಇಪ್ಪತ್ತು!" ಅದನ್ನು ಕೇಳಿದ ಅಣ್ಣರಾಯನ ಅಪ್ಪಣೆ: "ನನಗೆ ನೂರಾ ಮೂವತ್ತು!"

ನೂರಾ ಮೂವತ್ತು ಮೊಳದ ಹಾಸು ನೂರಾ ಇಪ್ಪತ್ತು ಮೊಳದ ಬೀದಿಯಲ್ಲಿ ಹಿಡಿಸ್ತದೆಯೇ?

ಕರಣಿಕ ಹಾಲಪ್ಪನನ್ನು ಕರೆದ. "ನೋಡಪ್ಪಾ, ಹಾಸನ್ನ ಆ ತುದೀಲಿ ಗೂಟಕ್ಕೆ ಸುತ್ತಿ ಮಡಚಿ ವಾಪಸ್ ಎಳೆದ್ರೆ ಆಗಲ್ವಾ?"

ಆಗ್ತದೆ. ನೇಕಾರ ಅನ್ನಿಸಿಕೊಂಡವನಿಗೆಲ್ಲ ಗೊತ್ತು, ಸಲೀಸಾಗಿ ಆಗ್ತದೆ. ಒಳಗೆ ನೂಲು ತೆಗೀತಾ ಕೂತಿದ್ದ ಕೆಂಚವ್ವನ ಕದಿರು ನಿಂತಿತು. ಹಾಲಪ್ಪ ಕಲ್ಲಿನ ಕಡೆ ನೋಡಿದ. ಕಲ್ಲಿನ ಆಚೆ ಜಗಲಿ ಮೇಲೆ ನಿಂತಿದ್ದ ಮಗಳ ಕಡೆ ನೋಡಿದ. ಹುಟ್ಟಿದಾಗಿನಿಂದ ಅಳತೆಯಲ್ಲಿ ಒಂದು ಸುಳ್ಳು ಹೇಳದವನು, ಗಂಟಲು ಸರಿಮಾಡಿಕೊಂಡು ಹೇಳಿದನಂತೆ:

"ಬೇರೆ ಕಂಬಳಿಯಾದ್ರೆ ಮಡಚಬಹುದು ಸ್ವಾಮಿ. ನಡೆಗಂಬಳಿ ಹಾಸು ಮಡಚಿದ್ರೆ ದೊರೆಯ ಆಯಸ್ಸು ಮಡಚಿದ ಹಾಗೆ. ನಿಮ್ಮ ಮಾತು ಅಂದ್ರೆ ಮಡಚ್ತೀನಿ. ಮಡಚಲಾ?"

"ಬೇಡ ಬೇಡ ಬೇಡ!" ಅಂತ ಕರಣಿಕ ಎದ್ದು ನಿಂತ. "ಮತ್ತೆ ಹೊಲದಲ್ಲಿ ಎಳೀರಿ."

"ಹೊಲದಲ್ಲಿ ಗಾಳಿ. ಧೂಳು ಹೊತ್ತ ಕಂಬಳಿ ಮೇಲೆ ದೊರೆ ಕಾಲಿಡಬೇಕಾ? ಎರಡು ಕಡೆ ಗೋಡೆ ಇರೋ ಕೇರಿಯಲ್ಲೇ ಆಗಬೇಕು. ಹತ್ತು ಮೊಳ ಕಲ್ಲು ದಾಟ್ತದೆ, ಅಷ್ಟೇ."

ಕರಣಿಕ ಅರಮನೆಗೆ ಓಡಿದ. ಹಾಲಪ್ಪ ಜಗಲಿ ಮೇಲೆ ಕೂತು ಬೆವರು ಒರೆಸಿಕೊಂಡ. ಒಳಗಿನಿಂದ ದನಿ ಬಂತು. ಮೂರು ತಿಂಗಳ ಮೇಲೆ ಬಂದ ದನಿ.

"ಸಾರು ಆರೋಗ್ತದೆ, ಊಟಕ್ಕೆ ಏಳು."

ಹಾಲಪ್ಪ ಎದ್ದ. ಅವತ್ತು ಅವನು ಎಷ್ಟು ಮುದ್ದೆ ಉಂಡ ಅಂತ ಅವನಿಗೂ ಗೊತ್ತಿಲ್ಲವಂತೆ.

ಇಬ್ಬರು ರಾಜರ ನಡುವೆ ಓಲೆ ಓಡಾಡಿದವು. ತಮ್ಮರಾಯನಿಗೂ ಉದ್ದದ ಕಂಬಳಿ ಬೇಕು, ಅವನ ಹಾಸೂ ಮೇಲಕ್ಕೆ ಏರಬೇಕು. ಹಾಗಾಗಿ ಒಪ್ಪಂದ ಆಯಿತು. ಅಣ್ಣನ ಹಾಸು ಕಲ್ಲು ದಾಟಿ ಕೆಳಗೆ ಇಳಿಯಬಹುದು, ತಮ್ಮನ ಹಾಸು ಕಲ್ಲು ದಾಟಿ ಮೇಲೆ ಏರಬಹುದು. ಕೈಯಲ್ಲಿ ಕುಂಚ ಇದ್ದವರು ಮಾತ್ರ, ತಮ್ಮ ದೊರೆಯ ಹಾಸಿನ ಗುಂಟ, ಅದರ ತುದಿಯವರೆಗೆ ಮಾತ್ರ ದಾಟಬಹುದು. ತುದಿಯಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಕೋಳ. ಕುಂಚ ಕೈ ಬಿಟ್ಟರೂ ಕೋಳ.

ಆಹಾ, ಆ ದಿನ ನೋಡಬೇಕಿತ್ತು! ಬೀದಿಯಲ್ಲಿ ಅಕ್ಕಪಕ್ಕ ಎರಡು ಕರಿ ಹಾಸು, ಒಂದು ಮೇಲಿಂದ ಇಳಿದದ್ದು, ಒಂದು ಕೆಳಗಿಂದ ಏರಿದ್ದು. ಮಧ್ಯೆ ಒಬ್ಬರು ನಡೆಯುವಷ್ಟು ಜಾಗ. ಕೇರಿಯಲ್ಲಿ ಕುಂಚ ಹಿಡಿಯದ ಮುದುಕ ಇಲ್ಲ, ಕುಂಚ ಹಿಡಿಯದ ಮುದುಕಿ ಇಲ್ಲ. ಕುಂಚ ಸಾಲದೆ ಕಸಬರಿಗೆ ಮುರಿದು ಹಿಡಿದರಂತೆ! ಕಲ್ಲಿನ ಹತ್ತಿರ ಅಕ್ಕ ತಂಗಿಯರು ಸಿಕ್ಕರು, ಬೀಗರು ಸಿಕ್ಕರು, ಮಾತು ಬಿಟ್ಟಿದ್ದ ದಾಯಾದಿಗಳೂ ಸಿಕ್ಕು ಬೈದಾಡಿ ಖುಷಿಪಟ್ಟರು.

"ಏನಲೇ, ಬದುಕಿದ್ದೀಯಾ?"

"ನಿನ್ನ ತಿಥಿ ಊಟ ಮಾಡದೆ ಹೋಗ್ತೀನಾ?"

ಮೇಲಿಂದ ಕೆಂಚವ್ವ ತಿಕ್ಕುತ್ತಾ ಬಂದಳು. ಕೆಳಗಿಂದ ಮಾಳವ್ವ ತಿಕ್ಕುತ್ತಾ ಬಂದಳು. ಇಬ್ಬರ ಕಣ್ಣಲ್ಲೂ ನೀರು, ಇಬ್ಬರ ಕೈಯಲ್ಲೂ ಗಂಜಿ.

"ಅವ್ವಾ."

"ಅಳಬೇಡ, ತಿಕ್ಕು. ಓಬಯ್ಯ ನೋಡ್ತಾನೆ." ಹಾಗಂದವಳೇ ಕೆಂಚವ್ವ ಬಲಗೈಯಲ್ಲಿ ಕುಂಚ ಆಡಿಸ್ತಾ ಎಡಗೈಯನ್ನು ಮಗಳ ಹೊಟ್ಟೆ ಮೇಲೆ ಇಟ್ಟಳು. ಮೇಲೆ ಒತ್ತಿದಳು, ಕೆಳಗೆ ಒತ್ತಿದಳು, ಪಕ್ಕ ಒತ್ತಿದಳು. ಮುಖದ ಬಣ್ಣ ಇಳೀತು.

"ಏನವ್ವಾ?"

"ಏನಿಲ್ಲ. ಗುಂಡು ಕಲ್ಲಿನ ಹಾಗಿದೆ ನಿನ್ನ ಕೂಸು. ಮೆಂತ್ಯ ತಿನ್ನು, ಎಡಮಗ್ಗುಲಿಗೆ ಮಲಕ್ಕೋ."

ಮನೆಗೆ ಬಂದು ಗಂಡನಿಗೆ ಮಾತ್ರ ಹೇಳಿದಳು. "ಕೂಸು ಅಡ್ಡ ಕೂತಿದೆ. ಕೊನೆ ತನಕ ತಿರುಗದೇ ಹೋದ್ರೆ ನನ್ನ ಕೈಯೇ ಬೇಕು. ಇಲ್ಲದಿದ್ರೆ ಇವಳೂ ಆ ಕೆಳಗಿನ ಕೇರಿಯವಳ ಹಾಗೇ ಹೋಗ್ತಾಳೆ. ಹಾಸು ಹತ್ತು ಮೊಳ ದಾಟಿದೆ. ಮಗಳ ಹೊಸ್ತಿಲಿಗೆ ಇನ್ನೂ ಐವತ್ತು ಮೊಳ ಬೇಕು ಕಣಯ್ಯಾ."

"ಐವತ್ತೇ ಐವತ್ತು" ಅಂದ ಹಾಲಪ್ಪ. "ಆ ಮಜ್ಜಿಗೆ ಕರಣಿಕ ಬರಲಿ."

ಬಂದ. ಮಜ್ಜಿಗೆ ಕುಡಿದ. "ಕೆಳಗಿನವನದು ಎಷ್ಟಮ್ಮಾ?" "ನಮಗ್ಯಾಕೆ ಸ್ವಾಮಿ ದೊಡ್ಡವರ ಸುದ್ದಿ. ನೂರಾ ನಲವತ್ತು." ಹಾಸು ಬಿಚ್ಚಿದರು, ನೂಲು ಸೇರಿಸಿದರು, ನೂರಾ ಐವತ್ತಕ್ಕೆ ಎಳೆದರು, ತಿಕ್ಕಿದರು. ಮಾಳವ್ವನಿಗೆ ಏಳು ತಿಂಗಳು.

ಮತ್ತೆ ಬಂದ. ಮಜ್ಜಿಗೆ ಕುಡಿದ. "ಕೆಳಗಿನವನದು ಎಷ್ಟಮ್ಮಾ?" "ನಮಗ್ಯಾಕೆ ಸ್ವಾಮಿ. ನೂರಾ ಅರವತ್ತು." ಹಾಸು ಬಿಚ್ಚಿದರು, ನೂಲು ಸೇರಿಸಿದರು, ಎಳೆದರು. ಎಂಟು ತಿಂಗಳು. ನೂಲು ತೆಗೆದೂ ತೆಗೆದೂ ಹೆಂಗಸರ ತೊಡೆ ಮೇಲಿನ ಚರ್ಮ ಕಿತ್ತು ಬಂತು. ಯಾರೂ ಸಾಕು ಅನ್ನಲಿಲ್ಲ. ಯಾಕೆ ಅಂತ ಕೇರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಒಬ್ಬರ ಬಾಯಿಂದ ಮಾತು ಹೊರಗೆ ಬರಲಿಲ್ಲ. ಬೇರೆ ಊರಾಗಿದ್ರೆ? ಸಂಜೆಯೊಳಗೆ ಸಂತೆಗೆಲ್ಲ ಸುದ್ದಿ!

ಕೊನೆಯ ಸಲ ಕರಣಿಕ ಬಂದಾಗ ಕೆಂಚವ್ವನೇ ಕೇಳಿದಳು, "ಈ ಸಲ ನೂರಾ ಎಂಬತ್ತು ಮಾಡೋಣ ಅಲ್ವಾ ಸ್ವಾಮಿ? ತಮ್ಮರಾಯ ಕನಸಲ್ಲೂ ದಾಟಬಾರದು."

"ಎಲ್ಲಿಂದ ತರ್ತೀಯಮ್ಮಾ" ಅಂದ ಕರಣಿಕ ಕೊರಗಿನಿಂದ. "ನಮ್ಮ ಅರಮನೆ ಬಾಗಿಲಿಂದ ಸಿಂಹಾಸನಕ್ಕೆ ಅಷ್ಟು ಉದ್ದ ಎಲ್ಲಿದೆ? ದೊರೆ ಹಿಂದಿನ ಗೋಡೆ ಒಡೆಸಿ ಸಿಂಹಾಸನವನ್ನ ಕುದುರೆ ಲಾಯಕ್ಕೆ ತಳ್ಳಿಸಿದ್ದಾರೆ. ಅಷ್ಟಾದರೂ ನೂರಾ ಎಪ್ಪತ್ತೆರಡು. ಅದರ ಆಚೆಗೆ ಬಾವಿ."

ನೂರಾ ಎಪ್ಪತ್ತೆರಡು. ಮಗಳ ಹೊಸ್ತಿಲಿಗೆ ಇನ್ನೂ ಎಂಟು ಮೊಳ ಕಡಿಮೆ.

ಆ ಹಾಸು ಎಳೆದು ತಿಕ್ಕಲಿಕ್ಕೆ ನಿಂತ ದಿನ ಬೆಳಿಗ್ಗೆ ಮಾಳವ್ವ ಕುಂಚ ಹಿಡಿದು ಬರಲಿಲ್ಲ. ಅವಳ ಮನೆಯಿಂದ ಒಂದು ಕೂಗು ಬಂತು. ನೋವಿನ ಕೂಗು. ಇನ್ನೂ ಒಂಬತ್ತು ತುಂಬಿರಲಿಲ್ಲ.

ಕೆಂಚವ್ವ ಕುಂಚ ಹಿಡಿದು ಓಡಿದಳು. ಓಡಿದರೂ ತಿಕ್ಕುತ್ತಲೇ ಓಡಿದಳು. ಕಲ್ಲು ದಾಟಿದಳು, ನೂರಾ ಮೂವತ್ತು ದಾಟಿದಳು, ನೂರಾ ಐವತ್ತು ದಾಟಿದಳು, ಹಾಸಿನ ತುದಿಗೆ ಬಂದು ನಿಂತಳು. ಎದುರಿಗೆ ಎಂಟು ಮೊಳ ಬರಿ ಮಣ್ಣು, ಅದರಾಚೆ ಮಗಳ ಹೊಸ್ತಿಲು. ಓಬಯ್ಯ ಅವಳ ಹಿಂದೆಯೇ ಬಂದು ಪಕ್ಕದಲ್ಲಿ ನಿಂತ. ಈಟಿ ಅಡ್ಡ ಹಿಡಿಯಲಿಲ್ಲ, ಆದರೆ ಕೈಯಲ್ಲಿತ್ತು.

"ರೇವಣ್ಣಾ!" ಅಂತ ಕೂಗಿದಳು ಕೆಂಚವ್ವ. ಅಳಿಯ ಬಾಗಿಲಿಗೆ ಬಂದ. ಮುಖದಲ್ಲಿ ರಕ್ತ ಇಲ್ಲ.

"ಅತ್ತೇ, ಕೈ ಕಾಣಿಸ್ತಾ ಇದೆ ಅಂತಾರೆ, ತಲೆ ಇಲ್ಲ ಅಂತಾರೆ. ನಂಗೇನು ಮಾಡಬೇಕೋ ಗೊತ್ತಾಗ್ತಿಲ್ಲ."

"ಅವಳನ್ನ ಎತ್ಕೊಂಡು ಬಾ."

"ಎಲ್ಲಿಗೆ?"

"ಇಲ್ಲಿಗೆ. ಹಾಸಿನ ಹತ್ತಿರ."

"ಬೀದೀಲಾ ಅತ್ತೇ? ಇಷ್ಟು ಗಂಡಸರ ಎದುರಿಗೆ?"

"ನಾಚಿಕೆ ಆಮೇಲೆ ಪಡೋಣ ಕಣೋ. ಈಗ ಮಗಳು ಬೇಕು ನನಗೆ. ಎತ್ಕೊಂಡು ಬಾ!"

ರೇವಣ್ಣ ಹೆಂಡತಿಯನ್ನು ಎತ್ತಿಕೊಂಡು ಬಂದ. ಎಂಟು ಮೊಳ. ಅವನ ಆಯಸ್ಸಿನಲ್ಲಿ ಅಷ್ಟು ಉದ್ದದ ದಾರಿ ಇನ್ನೊಂದು ನಡೆದಿರಲಿಲ್ಲವಂತೆ. ಎರಡು ಹಾಸುಗಳ ನಡುವಿನ ಜಾಗದಲ್ಲಿ ಕಂಬಳಿ ಹಾಸಿ ಮಲಗಿಸಿದರು. ಮೇಲಿನ ಕೇರಿ ಹೆಂಗಸರು ಮೇಲ್ಗಡೆ, ಕೆಳಗಿನ ಕೇರಿ ಹೆಂಗಸರು ಕೆಳಗಡೆ ಸೆರಗಿಗೆ ಸೆರಗು ಹಿಡಿದು ಮರೆ ಕಟ್ಟಿದರು. ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತರು. ತಿಕ್ಕುವ ಕುಂಚಗಳು ಒಂದೊಂದಾಗಿ ನಿಂತವು.

ಕೂಸನ್ನು ತಿರುಗಿಸಲಿಕ್ಕೆ ಎರಡು ಕೈ ಬೇಕು. ಕೆಂಚವ್ವನ ಒಂದು ಕೈಯಲ್ಲಿ ಕುಂಚ. ಕುಂಚ ಬಿಟ್ಟರೆ ಕೋಳ. ಅವಳು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ, ಬಿಟ್ಟಳು. ಕುಂಚ ಓಬಯ್ಯನ ಕಾಲ ಹತ್ತಿರ ಹೋಗಿ ಬಿತ್ತು.

ಎಲ್ಲರೂ ಓಬಯ್ಯನನ್ನು ನೋಡಿದರು. ಓಬಯ್ಯ ಕುಂಚವನ್ನು ನೋಡಿದ.

ಈಟಿಯನ್ನು ಗೋಡೆಗೆ ಒರಗಿಸಿದ. ಕುಂಚ ಎತ್ತಿಕೊಂಡ. "ಗಂಜಿ ಒಣಗಿದ್ರೆ ಹಾಸು ಕೆಡ್ತದಂತಲ್ಲಾ ಅಜ್ಜಿ" ಅಂದವನೇ, ಬೆನ್ನು ತಿರುಗಿಸಿ, ತಿಕ್ಕೋದಕ್ಕೆ ಶುರುಮಾಡಿದ. ಬರದ ಕೈ, ಅಡ್ಡಾದಿಡ್ಡಿ ತಿಕ್ಕಿದ. ಅವನನ್ನು ನೋಡಿ ಮೇಲ್ಗಡೆ ಕಾವಲುಗಾರ ಒಂದು ಕುಂಚ ಹಿಡಿದ. ಅವರನ್ನು ನೋಡಿ ಕೇರಿಯೆಲ್ಲ ಮತ್ತೆ ಶುರುಮಾಡಿತು. ಸರ್, ಸರ್, ಸರ್ ಅಂತ ಇನ್ನೂರು ಕುಂಚಗಳ ಸದ್ದು. ಆ ಸದ್ದಿನೊಳಗೆ ಮಾಳವ್ವನ ಕೂಗು, ಕೂಗಿನ ಮೇಲೆ ಕೆಂಚವ್ವನ ದನಿ.

"ಇಲ್ಲೇ ಇದ್ದೀನಿ ಕಣವ್ವಾ. ನಿನ್ನ ಅವ್ವ ಇಲ್ಲೇ ಇದ್ದೀನಿ. ಉಸಿರು ಬಿಡು. ತಿರುಗ್ತಾ ಇದೆ. ನನ್ನ ಬಂಗಾರ, ತಿರುಗ್ತಾ ಇದೆ."

ಬಿಸಿಲು ಗೋಡೆ ಇಳಿದು ಬೀದಿಗೆ ಬಂತು. ಹಾಸು ಒಣಗಿತು. ಒಣಗಿದ ಹಾಸನ್ನೇ ತಿಕ್ಕುತ್ತಾ ಇದ್ದರಂತೆ, ನಿಲ್ಲಿಸೋ ಧೈರ್ಯ ಯಾರಿಗೂ ಇಲ್ಲ.

ಆಮೇಲೆ ಅಳು ಕೇಳಿಸಿತು. ಕೂಸಿನ ಅಳು. ಹೆಣ್ಣು. ಹಿಂದೆಯೇ ಮಾಳವ್ವನ ದನಿ, "ಅವ್ವಾ, ನೀರು." ಅದು ಕೇಳಿದ ಮೇಲೆ ಕೆಂಚವ್ವ ನೆಲಕ್ಕೆ ಕೂತಳು. ಹಾಲಪ್ಪ ಅಲ್ಲೇ ಗೋಡೆ ಕಡೆ ಮುಖ ಮಾಡಿ ನಿಂತು ಹೆಗಲು ಕುಲುಕಿಸಿ ಅಳ್ತಾ ಇದ್ದ. ಅವಳು ಕೂ‌ಸನ್ನು ಅವನ ಕೈಗೆ ಕೊಟ್ಟು, "ಹಿಡ್ಕೋ ಕಣಯ್ಯಾ, ಬೀಳಿಸ್ಬೇಡ" ಅಂದಳು. ಅಷ್ಟೇ.

ಎರಡು ಅರಮನೆಗೂ ಸುದ್ದಿ ಹೋಯಿತು. ರಾಜರು ಹಲ್ಲು ಕಡಿದರು. ಆದರೆ ಅರಮನೆ ಜೋಯಿಸರು ಅಡ್ಡ ಬಂದರಂತೆ. "ದೊರೆಗಳೇ, ಎರಡು ಹಾಸಿನ ಮಧ್ಯೆ ಹೆರಿಗೆಯಾಗಿದೆ. ಎರಡಕ್ಕೂ ಪುರುಡು, ಹೆರಿಗೆಯ ಮೈಲಿಗೆ. ಹನ್ನೊಂದು ದಿನ ನೇಯೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. ಹಾಸು ಮುಟ್ಟಿದವರಿಗೆಲ್ಲ ಪುರುಡು, ಕಾವಲುಗಾರರಿಗೂ ಪುರುಡು. ಪಟ್ಟಕ್ಕೆ ಕೂರೋ ನೀವು ಅವರನ್ನ ಹಿಡಿಸಿದ್ರೆ ಹಿಡಿದವರಿಗೂ ಬಂತು, ಅವರಿಂದ ನಿಮಗೂ ಬಂತು. ಹನ್ನೊಂದು ದಿನ ಆ ಕೇರಿ ಕಡೆ ಸುಳಿಯಬೇಡಿ."

ಹನ್ನೊಂದು ದಿನ ಕೇರಿ ತೆರೆದಿತ್ತು. ಕೆಂಚವ್ವ ಮಗಳ ಮನೆಯಲ್ಲೇ ಬಾಣಂತನ ಮಾಡಿದಳು. ಜನ ಮೇಲೆ ಕೆಳಗೆ ಓಡಾಡಿ ಕಾಲು ನೋಯಿಸಿಕೊಂಡರು. ಹನ್ನೊಂದನೇ ದಿನ ಪುರುಡು ಕಳೀಬೇಕು ಅನ್ನೋ ಹೊತ್ತಿಗೆ, ಮೇಲಿನ ಕೇರಿಯ ಒಬ್ಬಳು ಹೊಟ್ಟೆ ಹಿಡಿದುಕೊಂಡು ಬಂದು, "ಕೆಂಚತ್ತೇ, ನಾನೂ ಹಾಸಿನ ಹತ್ತಿರವೇ ಹೆರ್ತೀನಿ" ಅಂದಳು. ಮತ್ತೆ ಹನ್ನೊಂದು ದಿನ. ಆಮೇಲೆ ಕೆಳಗಿನವಳು. ಮತ್ತೆ ಹನ್ನೊಂದು. ಬಸುರಿಯರ ಸಾಲು ಎಲ್ಲಾದರೂ ತುಂಡಾದರೆ ಹಸು ಕರು ಹಾಕಿದ್ದಕ್ಕೂ, ಕುರಿ ಮರಿ ಹಾಕಿದ್ದಕ್ಕೂ ಲೆಕ್ಕ ಹಿಡಿದರಂತೆ. ಜೋಯಿಸರು ಒಪ್ಪಿದರೋ ಇಲ್ಲವೋ ಕೇಳೋದಕ್ಕೆ ಯಾರೂ ಹೋಗಲಿಲ್ಲ. ನಮ್ಮ ಸೀಮೆಯ ಜನ ಯಾವ ಕೆಲಸ ಹಿಡಿದರೂ ಹಾಗೇ ನೋಡಿ, ಅರ್ಧಕ್ಕೆ ಬಿಡೋರಲ್ಲ! ಓಬಯ್ಯ ಊರಿಗೆ ಹೇಳಿಕಳಿಸಿ ಹೆಂಡತಿಯನ್ನು ಕರೆಸಿಕೊಂಡ. ಅವಳೂ ಆ ಸಾಲಿಗೆ ಸೇರಿದಳು.

ಯುಗಾದಿ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಏಳು ಯುಗಾದಿ ಹೋದವು. ರಾಜರಿಬ್ಬರಿಗೂ ಪಟ್ಟ ಇಲ್ಲ. ಪಟ್ಟ ಇಲ್ಲದವನ ನಗಾರಿಗೆ ದಂಡು ಏಳೋದಿಲ್ಲ. ದಂಡು ಏಳದೆ ಹೊಲಗಳಲ್ಲಿ ಜೋಳ ಎದೆಯುದ್ದ ಬೆಳೆದು ನಿಂತಿತ್ತು.

ಎಂಟನೇ ವರ್ಷ ಅಣ್ಣರಾಯ ತಡೆಯಲಾರದೆ ತಾನೇ ಬಂದನಂತೆ, ಒಬ್ಬನೇ, ಸಾದಾ ಬಟ್ಟೆಯಲ್ಲಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹಾಸುಗಳ ಕೆಳಗೆ ಮಕ್ಕಳು ತೂರಿಕೊಂಡು ಆಡ್ತಾ ಇದ್ದವು. ಒಂದನ್ನು ತಡೆದು ಕೇಳಿದ.

"ಯಾವ ರಾಜ್ಯದೋನಪ್ಪಾ ನೀನು?"

"ಕೆಂಚಜ್ಜಿ ಹಿಡಿದ ಕೂಸು ನಾನು" ಅಂತು ಅದು.

ಇನ್ನೊಂದನ್ನು ತಡೆದ. "ನೀನು ಯಾವ ಕಡೆಯವಳವ್ವಾ, ಮೇಲಿನವಳೋ ಕೆಳಗಿನವಳೋ?"

"ಕೆಂಚಜ್ಜಿ ಹಿಡಿದ ಕೂಸು."

ಮೂರನೆಯದನ್ನು ಕೇಳೋ ಮೊದಲೇ ಅದು ಬೊಬ್ಬೆ ಹೊಡೆಯಿತು, "ನಾನೂ ಕೆಂಚಜ್ಜಿ ಹಿಡಿದದ್ದೇ! ಅವರಿಬ್ಬರಿಗಿಂತ ಮೊದಲು ಹಿಡಿದದ್ದು!" ಅದೇ ಮಾಳವ್ವನ ಮಗಳು.

ಜಗಲಿ ಮೇಲೆ ಕೂತಿದ್ದ ಕೆಂಚವ್ವ, ಬಂದವನ ಕಾಲಿನ ಮೆದು ಹಿಮ್ಮಡಿ ನೋಡಿಯೇ ಇವನು ಹೊಲ ತುಳಿದವನಲ್ಲ, ದೊರೆಯೇ ಅಂತ ತಿಳಿದುಕೊಂಡಳು. ಎದ್ದು ಮಜ್ಜಿಗೆ ತಂದುಕೊಟ್ಟಳು.

"ಇನ್ನೆಷ್ಟು ದಿನ ಬೇಕಮ್ಮಾ ಈ ಪುರುಡು ಮುಗಿಯೋಕೆ?"

"ಸದ್ಯಕ್ಕೆ ಏಳು ಜನ ಹೊಟ್ಟೆ ಹೊತ್ತಿದ್ದಾರೆ ದೊರೆ" ಅಂದಳು ಕೆಂಚವ್ವ. ಆಮೇಲೆ ಮೆತ್ತಗೆ ಕೇಳಿದಳು, "ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಹಿಡಿದೋರು ಯಾರು?"

"ಅರಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು" ಅಂದ ಅಣ್ಣರಾಯ. "ನನ್ನನ್ನೂ ಅವಳೇ, ತಮ್ಮನನ್ನೂ ಅವಳೇ. ಇಬ್ಬರನ್ನೂ ಒಂದೇ ಮಡಿಲಲ್ಲಿ ಹಾಕ್ಕೊಂಡು ಎಣ್ಣೆ ಹಚ್ಚೋಳು. ನಾಡು ಹಂಚಿಕೊಂಡಾಗ ಅವಳು ತಮ್ಮನ ಕಡೆಗೆ ಹೋದಳು. ಬದುಕಿದ್ದಾಳೆ ಅಂತ ಕೇಳಿದ್ದೀನಿ. ಕಣ್ಣು ಕಾಣಲ್ವಂತೆ. ನೋಡಿ ಎಂಟು ವರ್ಷವಾಯ್ತು."

"ಕಣ್ಣು ಕಾಣದಿದ್ರೇನು, ಮುಟ್ಟಿದ್ರೆ ಗೊತ್ತಾಗ್ತದೆ ಅವಳಿಗೆ" ಅಂದಳು ಕೆಂಚವ್ವ. "ನಾವು ಹಿಡಿದ ತಲೆ ನಮಗೆ ಮರೆಯಲ್ಲ ದೊರೆ. ಈ ಬೀದಿ ಹಿಡಿದು ಹೋದ್ರೆ ಮೂರು ದಿನದ ದಾರಿ."

ಅಣ್ಣರಾಯ ಮಜ್ಜಿಗೆ ಮುಗಿಸಿ, ಚೊಂಬು ಕೆಳಗಿಟ್ಟು, ಎದ್ದ. ಮನೆಗೆ ಹೋಗೋ ದಾರಿ ಮೇಲಕ್ಕೆ. ಅವನು ಕೆಳಕ್ಕೆ ನಡೆದ. ಕಲ್ಲು ಯಾವಾಗ ದಾಟಿದ ಅಂತ ಅವನಿಗೂ ತಿಳೀಲಿಲ್ಲ. ತಡೆಯಬೇಕಾದ ಓಬಯ್ಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇರೆಲ್ಲೋ ನೋಡ್ತಾ ಇದ್ದ.

ಆ ಮುದುಕಿ ಇಬ್ಬರ ತಲೆಯನ್ನೂ ತಡವಿ ಏನಂದಳೋ, ಅಲ್ಲಿ ಇದ್ದವರಿಗೇ ಗೊತ್ತು. ಎರಡು ರಾಜ್ಯ ಒಂದಾದವು ಅಂತ ಕೆಲವರು ಹೇಳ್ತಾರೆ. ಇಲ್ಲ. ಎರಡು ಎರಡಾಗಿಯೇ ಉಳಿದವು, ಜಗಳವೂ ಆಗಾಗ ಆಗ್ತಿತ್ತು. ಆದರೆ ಕರಿಕುರಿಹಟ್ಟಿಗೆ ಮತ್ತೆ ಯಾರೂ ಕಾವಲು ಹಾಕಲಿಲ್ಲ. ಕಂಬಳಿ ಬೇಕಾದ ರಾಜ ಕಂಬಳಿ ಕೇಳಿ ಒಯ್ದ, ಅಷ್ಟೇ. ಕಾವಲು ಎದ್ದ ದಿನ ಸಂಜೆ ಮಾಳವ್ವ ಬಾಗಿಲಲ್ಲಿ ನಿಂತು, "ಅವ್ವಾ, ರೊಟ್ಟಿ ಬಿಸಿ ಇದೆ, ಬಾ" ಅಂತ ಕರೆದಳಂತೆ. ಕೆಂಚವ್ವ ಕೈಯಲ್ಲಿ ಏನೂ ಹಿಡಿಯದೆ ಎದ್ದು ಹೋದಳು.

ಅವರು ಅಲ್ಲಿ ಬಿಸಿ ರೊಟ್ಟಿ ಉಂಡು ಕರಿ ಕಂಬಳಿ ಹೊದ್ದರು. ನಾವು ಇಲ್ಲಿ ಅವರ ಕಥೆ ಹೊದ್ದು ಕೂತೆವು.